ತವರಿನ ನೀರು

ನನ್ನ ಹೆಂಡತಿ ಇರಾಸಿ ತೀರಿಕೊಂಡು ಏಳು ತಿಂಗಳಾಯಿತು. ಅವಳು ಬಿಟ್ಟುಹೋದ ಗಾಜಿನ ತೊಟ್ಟಿಯಲ್ಲಿ ಐದು ಅಕಾರಾ ಮೀನುಗಳಿದ್ದವು. ಊಟದ ತಟ್ಟೆಯಂತೆ ದುಂಡಗೆ, ಚಪ್ಪಟೆಯಾಗಿ, ಮೈತುಂಬ ನೀಲಿ ಗೆರೆ. ಈಗ ಉಳಿದಿರುವುದು ಒಂದು ಹೆಣ್ಣು. ಅಕಾರಾ ಒಂಟಿಯಾಗಿ ಬಾಳುವ ಮೀನಲ್ಲ. ಅದು ಮೂಲೆಗೆ ಮುಖ ಮಾಡಿ ನಿಂತು ಹುಳುವನ್ನೂ ಮುಟ್ಟದಾದಾಗ, ಅದಕ್ಕೊಂದು ಆರೋಗ್ಯವಂತ ಗಂಡು ತರಲೇಬೇಕೆಂದು ಹೊರಟೆ.

ನಮ್ಮ ಮನೌಸ್ ಊರಿನ ಪೇಟೆಯಲ್ಲಿ ಮೀನು ಮಾರುವವರಿಗೆ ಬರವಿಲ್ಲ, ದೇವರಿಗೆ ಹೆದರುವವರಿಗೆ ಬರ. ವಾಲ್ಡೆಸಿರ್ ಎಂಬವನ ಅಂಗಡಿಯ ಬಾಗಿಲಲ್ಲೇ ಕನ್ಯಾ ಮರಿಯಮ್ಮನವರ ಪಟ, ಸುತ್ತ ಮಿಣಮಿಣ ದೀಪ. ಪಟದ ಕೆಳಗಿನ ತೊಟ್ಟಿಯಲ್ಲಿ ಎರಡು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

“ಅವು ಮಲಗಿವೆ ಅಜ್ಜ,” ಎಂದ.

“ಹೌದಪ್ಪ, ನನ್ನ ಹೆಂಡತೀನೂ ಹಾಗೇ ಮಲಗಿದಾಳೆ. ಆ ಪಕ್ಕದ ತೊಟ್ಟಿಯ ಗಂಡಿಗೆ ಒಂದು ಹುಳು ಹಾಕು, ತಿನ್ನೋದು ನೋಡೋಣ.”

“ಈಗ ತಾನೆ ತಿಂತು. ಮರಿಯಮ್ಮನಾಣೆ!”

“ನಿನ್ನ ಮೀನಿಗೆಲ್ಲ ಆ ತಾಯಿ ಸಾಕ್ಷಿ ಹೇಳ್ಬೇಕೇನಯ್ಯ? ಅವಳಿಗೆ ಬೇರೆ ಕೆಲಸ ಇಲ್ವಾ?”

ಹಿಂದೆ, ಐದೂ ಬದುಕಿದ್ದಾಗ, ಇವನಲ್ಲೇ ಇನ್ನೆರಡು ಕೊಂಡಿದ್ದೆ. ಔಷಧಿ ತಿನ್ನಿಸಿ ಬಣ್ಣ ಏರಿಸಿದ ಮೀನುಗಳು. ವಾರದೊಳಗೆ ಬಣ್ಣವೂ ಹೋಯಿತು, ಪ್ರಾಣವೂ ಹೋಯಿತು. ಇನ್ನೊಬ್ಬ, ಬಿಳಿ ಕೋಟು ತೊಟ್ಟು ವೈದ್ಯನ ಗತ್ತಿನಲ್ಲಿ ನಿಲ್ಲುವವನು, ಕೊಟ್ಟದ್ದು ಮೂರು ದಿನ ಬದುಕಿತ್ತು. ಅವುಗಳ ಹಿಂದೆಯೇ ಇರಾಸಿಯ ಐದರಲ್ಲಿ ನಾಲ್ಕು ಮೀನುಗಳೂ ಒಂದೊಂದಾಗಿ ಸತ್ತವು.

ಕೊನೆಗೆ ನಮ್ಮ ಪಾದ್ರಿಗಳ ಅಡುಗೆಯಾಕೆ, ಸೇತುವೆಯಾಚೆ ಇರಾಂಡುಬಾದಲ್ಲಿ ಮೀನು ಸಾಕಿ ಮರಿ ಮಾಡಿಸುವ ಕ್ಲೆಯೋನಿಸೆಯ ಹೆಸರು ಹೇಳಿದಳು. ಬಸ್ಸು ಹತ್ತಿ ಹೋದೆ. ಆಕೆ ಬಾಗಿಲಲ್ಲೇ ಸೋಪು ಹಿಡಿದು ತಡೆದಳು.

“ಇದೇನಮ್ಮ, ಬಲಿಪೀಠಕ್ಕೆ ಹೋಗೋ ಪಾದ್ರಿಗಳೂ ಇಷ್ಟು ತೊಳ್ಕೊಳಲ್ಲ!”

“ಅವರು ಮೀನು ಸಾಕಲ್ಲ ಅಜ್ಜ. ಮೊಣಕೈವರೆಗೂ ತೊಳೀರಿ.”

ಒಳಗೆ ಪ್ರತಿ ತೊಟ್ಟಿಗೂ ಬೇರೆ ಬಲೆ. ಆಕೆ ಯಾರ ಮೇಲೂ ಆಣೆ ಇಡಲಿಲ್ಲ. ಒಂದು ಹುಳು ಬಿಟ್ಟಳು. ಮೀನುಗಳು ಒಂದರ ಮೇಲೊಂದು ಬಿದ್ದು ಬಂದವು. ಅವುಗಳ ತಾಯಿ ತಂದೆಯನ್ನೂ ತೋರಿಸಿದಳು. ಪೇಟೆಯಲ್ಲಿ ಕೊಂಡದ್ದು, ಸತ್ತದ್ದು, ಒಂದು ಹೆಣ್ಣು ಉಳಿದದ್ದು ಎಲ್ಲ ಹೇಳಿ ನಾನು ಒಂದು ಗಂಡನ್ನು ಆರಿಸಿದೆ. ಆಕೆ ಬಲೆ ಎತ್ತಲಿಲ್ಲ.

“ಮನೇಲಿ ಹೊಸ ಮೀನನ್ನ ಹೇಗೆ ಬಿಡ್ತೀರಿ?”

“ಹೇಗೆ ಅಂದ್ರೆ? ಚೀಲದ ನೀರಿನ ಸಮೇತ. ಅಷ್ಟು ತವರಿನ ನೀರು ಇಲ್ದಿದ್ರೆ ಕೊರಗಿ ಸಾಯುತ್ತೆ. ನನ್ನಾಕೆ ಮೂವತ್ತು ವರ್ಷ ಹಾಗೇ ಮಾಡಿದ್ಲು.”

“ಅವರಿಗೆ ಮೀನು ಎಲ್ಲಿಂದ ಬರ್ತಿತ್ತು?”

“ಅವಳ ತಮ್ಮ ನದೀಲಿ ಹಿಡಿದು ತರ್ತಿದ್ದ.”

“ಹಾಗಾದ್ರೆ ಆಯಮ್ಮ ಸುರಿದದ್ದು ನದಿ. ನೀವು ಸುರಿದದ್ದು ಪೇಟೆಯವರ ಚರಂಡಿ. ರೋಗದ ನೀರು ತಂದು ಚೆನ್ನಾಗಿದ್ದವಕ್ಕೆ ಕುಡಿಸಿದ್ದೀರಿ. ಉಳಿದಿರೋಳಿಗೂ ತಗಲಿರುತ್ತೆ. ಅವಳ ಹೊಟ್ಟೆಯಿಂದ ಹೋಗೋ ಮಲ ಬಿಳೀ ದಾರದ ಹಾಗಿದೆಯಾ?”

ಹಾಗೆಯೇ ಇತ್ತು. ಏಳು ತಿಂಗಳು ಊರಿನ ವ್ಯಾಪಾರಿಗಳನ್ನೆಲ್ಲ ಹಂಗಿಸಿದ್ದೆ. ಆ ಕಳ್ಳರು ರೋಗ ಮಾರಿದ್ದಷ್ಟೇ. ಅದನ್ನು ಒಂದು ಹನಿ ಚೆಲ್ಲದಂತೆ ಹೊತ್ತು ತಂದು, ನಮೋ ಮರಿಯಾ ಎಂದು ಜಪಿಸುತ್ತ ತೊಟ್ಟಿಗೆ ಸುರಿದ ಮುದಿ ಮೂರ್ಖ ನಾನು. ಬಿಳಿ ಕೋಟಿನವನೂ ಇಷ್ಟು ಭಕ್ತಿಯಿಂದ ಕೊಂದಿರಲಾರ.

“ಗಂಡನ್ನ ಕೊಡು ತಾಯಿ. ಒಂಟಿಯಾಗೇ ಸತ್ತುಹೋಗುತ್ತೆ ನಮ್ಮ ಹೆಣ್ಣು.”

“ಕೊಟ್ರೆ ಎರಡೂ ಸಾಯ್ತವೆ. ಮೊದ್ಲು ಅವಳಿಗೆ ಗುಣ ಆಗ್ಲಿ. ಈ ಔಷಧಿ ನೀರಿಗೆ ಹಾಕಿ, ನಲವತ್ತು ದಿನ ಬಿಟ್ಟು ಬನ್ನಿ. ಇವನನ್ನ ನಿಮಗೇ ಇಟ್ಟಿರ್ತೀನಿ.”

“ಆಣೆ ಇಡು.”

“ಯಾಕೆ ಅಜ್ಜ? ಆಣೆ ಇಟ್ಟವರು ನಿಮಗೇನು ಕೊಟ್ರು?”

ಮೀನಿಲ್ಲದೆ ಮರಳಿ, ಆ ಔಷಧಿಯನ್ನು ನೀರಿಗೆ ಹಾಕಿದೆ. ಹದಿನೇಳನೆಯ ದಿನ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ಬಂದು ಹುಳು ಹಾಕಿದಾಗ, ಹೆಣ್ಣು ಮೂಲೆ ಬಿಟ್ಟು ಬಂದಿತು. ಕಚ್ಚಿತು, ಉಗುಳಿತು, ಮತ್ತೆ ಕಚ್ಚಿ ನುಂಗಿತು. ಇರಾಸಿಯನ್ನು ಕೂಗಿ ಕರೆಯಲು ನಾನಾಗಲೇ ಅಡುಗೆಮನೆಯ ಕಡೆ ತಿರುಗಿದ್ದೆ.