ಮೇಷ್ಟ್ರು ಕುಡಿದ ನೀರು

೧

ಎಲ್ಲಿಂದ ಶುರುಮಾಡಲಿ? ಕಮಿಟಿಯವರ ಜೀಪಿನಿಂದ ಶುರುಮಾಡಿದರೆ ಕತೆ ಅವರದಾಗಿಬಿಡುತ್ತದೆ. ಹುಳುವಿನಿಂದಲೇ ಶುರುವಾಗಲಿ.

೧೯೯೧ರ ಮಾಗಿ. ಶಿಡ್ಲಘಟ್ಟದ ಹತ್ತಿರದ ಒಂದು ಊರು. ರೇಷ್ಮೆಹುಳುಗಳು ಹಣ್ಣಾಗಿ, ಸೊಪ್ಪು ಬಿಟ್ಟು ತಲೆ ಎತ್ತಿವೆ. ಅವತ್ತೇ ಆರಿಸಿ ಗೂಡು ಕಟ್ಟಲು ಇಟ್ಟ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಹಿಕ್ಕೆ ಕಸದಲ್ಲೇ ಗೂಡು ಕಟ್ಟಿ ಕೆಡುತ್ತವೆ. ಶ್ಯಾಮಲಮ್ಮನೂ ಅವಳ ತಾಯಿ ಚಿಕ್ಕವೆಂಕಟಮ್ಮನೂ ಬೆಳಗಿನಿಂದ ಬಗ್ಗಿದ ಬೆನ್ನು ಎತ್ತಿಲ್ಲ.

"ಇವತ್ತೇ ಹೋಗ್ಬೇಕೇನೆ?"

"ಕಮಿಟಿಯವ್ರು ಇವತ್ತೇ ಬರ್ತಾರಂತೆ ಕಣಮ್ಮ. ನಾನೂ ಇಲ್ದಿದ್ರೆ ಕ್ಲಾಸಲ್ಲಿ ಇನ್ಯಾರವ್ರೆ?"

೨

ಶ್ಯಾಮಲಮ್ಮ ಓದುತ್ತಿರುವುದು ಚಿಂತಾಮಣಿಯಲ್ಲಿ ವಿಶ್ವವಿದ್ಯಾಲಯವೊಂದು ತೆರೆದ ಎಂ.ಎ. ಸಾಮಾನ್ಯ ಸಮಾಜ ವಿಜ್ಞಾನ. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಚರಿತ್ರೆ, ಎಲ್ಲಕ್ಕೂ ಒಬ್ಬರೇ ಮೇಷ್ಟ್ರು, ಚೆನ್ನರಾಯಪ್ಪ. ಓದಿದ್ದು ಚರಿತ್ರೆ; ಉಳಿದದ್ದನ್ನು ಗೈಡು ನೋಡಿಕೊಂಡು ಬರೆಸುತ್ತಾರೆ. ಕೋರ್ಸು ಉಳಿಸಬೇಕೋ ಮುಚ್ಚಬೇಕೋ ಎಂದು ನೋಡಲು ಕಮಿಟಿ ಬರುತ್ತಿದೆ. ಬೆಂಚು ತುಂಬಲೆಂದು ಮೇಷ್ಟ್ರು ಬಿ.ಎ. ಹುಡುಗರನ್ನು ತಂದು ಕೂರಿಸಿದ್ದಾರೆ.

(ಇಲ್ಲಿ ಮೊದಲು ಎರಡು ಪುಟ ಹಾಸ್ಯ ಬರೆದಿದ್ದೆ. ಹರಿದು ಹಾಕಿದೆ. ನಗು ಬರುತ್ತಿತ್ತು, ಅದೇ ತೊಂದರೆ.)

೩

ವರಾಂಡದಲ್ಲಿ ಮೇಷ್ಟ್ರು ಅವಳನ್ನು ಪಕ್ಕಕ್ಕೆ ಕರೆದರು. ಕೇಳಿದರೆ ಎಲ್ಲ ಸರಿಯಾಗಿ ನಡೆಯುತ್ತಿದೆ ಅಂದುಬಿಡು ಎಂದರು. ಮೇಷ್ಟ್ರು ದನಿ ತಗ್ಗಿಸಿದರು.

"ನಿಮ್ಮನೇಲಿ ನೀರು ಕುಡ್ದೋನು ಕಣಮ್ಮ ನಾನು. ಅದನ್ನ ಮರೀಬೇಡ."

ಸುಳ್ಳಲ್ಲ. ಬಿ.ಎ. ಸಾಕು ಎಂದು ಅಪ್ಪ ಹಟ ಹಿಡಿದಾಗ ಮೇಷ್ಟ್ರು ಹೊಲಗೇರಿಗೆ ಬಂದು, ಜಗಲಿಯ ಮೇಲೆ ಕೂತು, ಕೇರಿಯೆಲ್ಲ ನೋಡುತ್ತಿದ್ದಂತೆ ಒಂದು ಚೊಂಬು ನೀರು ಕುಡಿದಿದ್ದರು. ಗೌಡರ ಪೈಕಿಯವರು ಅವರು. ಅಪ್ಪ ಆಮೇಲೆ ಒಪ್ಪಿಕೊಂಡ.

೪

ಮುಕ್ತಾಯ ಒಂದು: ಚೆನ್ನಾಗಿದೆ ಎನ್ನುತ್ತಾಳೆ. ಕೋರ್ಸು ಉಳಿಯುತ್ತದೆ. ಯಾರೂ ಕಲಿಸದ ವಿಷಯಗಳಲ್ಲಿ ಅವಳು ಎಂ.ಎ. ಆಗುತ್ತಾಳೆ.

ಮುಕ್ತಾಯ ಎರಡು: ನಿಜ ಹೇಳುತ್ತಾಳೆ. ಕೋರ್ಸು ಮುಚ್ಚುತ್ತದೆ. ಅವಳನ್ನು ಬೆಂಗಳೂರಿಗೆ ವರ್ಗ ಮಾಡಿಸುವ ಕರುಣಾಳು ಅಧ್ಯಕ್ಷರೊಬ್ಬರನ್ನೂ ಸೃಷ್ಟಿಸಿದೆ. ಅಷ್ಟರಲ್ಲಿ ಅವಳೇ ತಡೆದಳು.

"ಬೆಂಗ್ಳೂರಲ್ಲಿ ಯಾರ ಮನೇಲಿರಲಿ ಸಾರ್? ಹಾಸ್ಟೆಲ್ ಕೊಡ್ಸಿದ್ದೀರಾ ಕತೇಲಿ?"

ಇಲ್ಲ ಎಂದೆ.

"ನಿಜ ಹೇಳ್ಸಿ ನೀವು ದೊಡ್ಡ ಕತೆಗಾರ್ರಾಗ್ತೀರ. ಅರ್ಧಕ್ಕೆ ನಿಲ್ಲೋಳು ನಾನು. ಮೊದ್ಲು ಕತೆಯಿಂದ ಆ ನೀರು ತೆಗ್ದಾಕಿ, ಆಮೇಲೆ ನಿಜ ಹೇಳ್ತೀನಿ."

ತೆಗೆದು ನೋಡಿದೆ. ನೀರಿಲ್ಲದಿದ್ದರೆ ಅಪ್ಪ ಒಪ್ಪುವುದಿಲ್ಲ, ಅವಳು ಚಿಂತಾಮಣಿಯ ಬಸ್ಸು ಹತ್ತುವುದಿಲ್ಲ. ಇದ್ದಲ್ಲೇ ಬಿಟ್ಟೆ.

೫

ಕಮಿಟಿಯ ಅಧ್ಯಕ್ಷರು ಅವಳನ್ನೇ ಎಬ್ಬಿಸಿದರು. "ಪಾಠ ಹೇಗೆ ನಡೀತಿದೆ, ನೀವು ಹೇಳಿ."

ಅವಳ ಕೈಗೆ ಇನ್ನೂ ಸೊಪ್ಪಿನ ವಾಸನೆ. ಮೇಷ್ಟ್ರು ಕಿಟಕಿಯ ಹತ್ತಿರ ನಿಂತಿದ್ದರು.

"ಸಾರ್, ನಮ್ಮ ಮೇಷ್ಟ್ರು ನಮ್ಮನೇಲಿ ನೀರು ಕುಡ್ದವ್ರೆ."

ಬಿ.ಎ. ಹುಡುಗರ ನಗು ಅರ್ಧಕ್ಕೇ ನಿಂತಿತು.

"ನಾನು ಕೇಳಿದ್ದು ಪಾಠದ ವಿಚಾರ."

"ನಾನೂ ಅದನ್ನೇ ಹೇಳ್ತಿದ್ದೀನಿ ಸಾರ್."

ಸಾಕು, ಕೂತ್ಕೊಳಮ್ಮ ಎಂದರು ಚೆನ್ನರಾಯಪ್ಪ, ಅವಳ ಕಡೆ ನೋಡದೆ.

ಮೂರನೆಯ ಮುಕ್ತಾಯವೊಂದನ್ನು ಅವಳ ಬಾಯಿಗೆ ತುರುಕಬಹುದು. ಆ ಕೆಲಸವನ್ನು ವರಾಂಡದಲ್ಲೇ ಒಬ್ಬರು ಮಾಡಿಯಾಗಿದೆ, ನಾನೂ ಮಾಡುವುದು ಬೇಡ. ಊರಿನಲ್ಲಿ ಚಿಕ್ಕವೆಂಕಟಮ್ಮ ಒಬ್ಬಳೇ ಹುಳು ಆರಿಸುತ್ತಿದ್ದಾಳೆ, ಕೆಲವು ಆಗಲೇ ಹಿಕ್ಕೆಯಲ್ಲಿ ನೂಲು ಬಿಡತೊಡಗಿವೆ. ಅಧ್ಯಕ್ಷರು ಪೆನ್ನು ಹಿಡಿದು ಕಾಯುತ್ತಿದ್ದಾರೆ. ಶ್ಯಾಮಲಮ್ಮ ಇನ್ನೂ ಕೂತಿಲ್ಲ.