ಅಮ್ಮನ ಪಾಲಿನ ಮಗಳು

ಆ ಮನೆಯಲ್ಲಿ ಮಕ್ಕಳನ್ನು ಪಾಲು ಮಾಡಿದವಳು ಅಮ್ಮ. ಅದೂ ಎರಡನೆಯದು ಇನ್ನೂ ಹುಟ್ಟುವ ಮುಂಚೆಯೇ. ಮೊದಲನೆಯವನು ಹೊಟ್ಟೆಯಲ್ಲಿದ್ದಾಗ ಡಾಕ್ಟರು, ತಾಯಿ ಮಗು ಇಬ್ಬರಲ್ಲಿ ಒಬ್ಬರು ಉಳಿದರೆ ದೊಡ್ಡದು ಅಂದುಬಿಟ್ಟಿದ್ದರಂತೆ. ಅಮ್ಮ ಆಸ್ಪತ್ರೆ ಹಾಸಿಗೆಯಲ್ಲೇ ದೇವರ ಜೊತೆ ಮಾತಾಡಿಕೊಂಡಳು. ಇವನನ್ನ ಉಳಿಸಿಕೊಡು, ಬೆಳೆದ ಮೇಲೆ ದೂರದ ದೇಶಕ್ಕೆ ನಿನ್ನ ಸೇವೆಗೆ ಕಳಿಸ್ತೀನಿ, ಇನ್ನೊಂದು ಹುಟ್ಟಿದರೆ ಅದು ನನಗೆ. ದೇವರು ಹೂಂ ಅಂದನೋ ಉಹೂಂ ಅಂದನೋ ಯಾರು ಕಂಡರು. ತಾಯಿ ಮಗ ಇಬ್ಬರೂ ಉಳಿದರು, ಎರಡು ವರ್ಷಕ್ಕೆ ಮಗಳೂ ಹುಟ್ಟಿದಳು. ಅಮ್ಮನ ಲೆಕ್ಕದಲ್ಲಿ ಅಲ್ಲಿಗೆ ಮಾತು ಮುಗಿದಿತ್ತು.

ಮಗನಿಗೆ ದೀಕ್ಷಾಸ್ನಾನ ಆದ ವಾರವೇ ಅವಳೊಂದು ಕಂದು ಬಣ್ಣದ ಸೂಟ್‌ಕೇಸ್ ತಂದು, ಬೀಗ ಹಾಕಿ, ಬೀರುವಿನ ಮೇಲೆ ಇಟ್ಟಳು. ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ವಾರಕ್ಕೊಮ್ಮೆ ಒರೆಸಬೇಕಿತ್ತು ಅಷ್ಟೇ, ಒರೆಸುವ ಕೆಲಸ ಮಗಳದು. ಸ್ಟೂಲು ಹತ್ತಿ, ಒದ್ದೆ ಬಟ್ಟೆ ಹಿಡಿದು, ತನ್ನದಲ್ಲದ ಪ್ರಯಾಣದ ಧೂಳು ಒರೆಸುತ್ತಾ ಅವಳು ಬೆಳೆದಳು. ಬೀದಿಯ ಹುಡುಗರು ಅಣ್ಣನಿಗೆ ಹರಕೆ ಕುರಿ ಅಂತ ಹೆಸರಿಟ್ಟರು, ಬರಬರುತ್ತಾ ಕುರಿ ಬಿದ್ದುಹೋಗಿ ಬರೀ ಹರಕೆ ಉಳಿಯಿತು. ಮಗಳಿಗೆ ಹೆಸರಿಟ್ಟದ್ದು ಅಮ್ಮನೇ. ಮೊಂಡಿ. ಹೇಳಿದ್ದನ್ನು ಒಂದೇ ಸಲಕ್ಕೆ ಕೇಳಿದ್ದರೆ ತಾನೇ ಬೇರೆ ಹೆಸರು ಸಿಗೋದು.

ಈಗ ಹರಕೆಗೆ ಇಪ್ಪತ್ತೆಂಟು. ಬಸ್ಸಿನಲ್ಲಿ ಎರಡು ಸ್ಟಾಪ್ ದಾಟಿದರೆ ವಾಂತಿ ಮಾಡಿಕೊಳ್ಳುವ ಆಸಾಮಿ. ಬೈಬಲ್ ಶಾಲೆಗೆ ಸೇರಿಸಿದರೆ ನಾಲ್ಕನೇ ದಿನವೇ ಮನೆ ಬಾಗಿಲಲ್ಲಿ ನಿಂತಿದ್ದ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ನಲ್ಲಿ, ಪೈಪು, ಕಮೋಡು ಮಾರುವ ಅಂಗಡಿ ಇಟ್ಟುಕೊಂಡು ತಂಪಾಗಿದ್ದ. ಅಪ್ಪ ತೀರಿಕೊಂಡು ಹತ್ತು ವರ್ಷ. ಅಮ್ಮ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಪರದೆ, ದಿಂಬಿನ ಚೀಲ ಹೊಲಿಯುತ್ತಾ, ಇವತ್ತಲ್ಲ ನಾಳೆ ದೇವರ ಕರೆ ಬರುತ್ತೆ ಅಂತ ಮಗನನ್ನು ಹೆದರಿಸುತ್ತಿದ್ದಳು.

ಮೊಂಡಿ ಕೆಲಸ ಮಾಡುತ್ತಿದ್ದದ್ದು ದೊಡ್ಡಾಸ್ಪತ್ರೆಯ ಹಿಂದೆ, ಕೃತಕ ಕಾಲು ಮಾಡುವ ವರ್ಕ್‌ಶಾಪಿನಲ್ಲಿ. ಉಳಿದ ತುಂಡುಗಾಲಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆಯಬೇಕು. ಅಚ್ಚಿಗೆ ಪ್ಲಾಸ್ಟರ್ ಸುರಿದು ಗಟ್ಟಿ ಮಾಡಿ, ಅರ ಹಿಡಿದು ತಿದ್ದಬೇಕು. ಮೂಳೆ ಒತ್ತುವ ಕಡೆ ಜಾಗ ಬಿಡಬೇಕು, ಮಾಂಸ ಭಾರ ಹೊರುವ ಕಡೆ ಬಿಗಿ ಮಾಡಬೇಕು. ಒಂದು ಕೂದಲೆಳೆ ಹೆಚ್ಚುಕಮ್ಮಿಯಾದರೂ ಹಾಕಿಕೊಂಡವರು ಸಂಜೆಗೆ ರಕ್ತ ಒರೆಸಿಕೊಳ್ಳುತ್ತಾ ವಾಪಸ್ ಬರುತ್ತಾರೆ. ಅವಳ ಕೈಯಲ್ಲಿ ಹಾಗೆ ಬಂದವರು ಕಡಿಮೆ. ಮೊದಲ ಸಲ ಎರಡು ಕಂಬಿ ಹಿಡಿದು ಎದ್ದು ನಿಂತ ಲಾರಿ ಡ್ರೈವರು, ಕಂಬಿಯಿಂದ ಒಂದು ಕೈ ಬಿಟ್ಟು ಅವಳ ಕಡೆ ನೋಡಿದನಲ್ಲ, ಆವತ್ತಿನಿಂದ ಅವಳಿಗೆ ಪ್ರಾರ್ಥನೆ ಅಂದರೆ ಕಣ್ಣು ಮುಚ್ಚಿ ಮಾಡುವ ಕೆಲಸ ಅಂತ ಅನ್ನಿಸಲಿಲ್ಲ.

ಇಷ್ಟು ಕಾದದ್ದು ಸಾಕು ಅಂತ ಅಮ್ಮ ಒಂದು ದಿನ ಪಾದ್ರಿಯನ್ನು ಹಿಡಿದು, ಮಗನ ಪರವಾಗಿ ಪರದೇಶದ ಒಂದು ಮಿಷನ್ ಆಸ್ಪತ್ರೆಗೆ ಕಾಗದ ಬರೆಸಿದಳು. ಎರಡು ತಿಂಗಳಿಗೆ ಉತ್ತರ ಬಂತು. ಬೋಧನೆ ಮಾಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಯುದ್ಧದಲ್ಲಿ ಹೂತಿಟ್ಟ ಬಾಂಬು ತುಳಿದು ಕಾಲು ಕಳೆದುಕೊಂಡ ನಾಲ್ಕುನೂರು ಜನ ಇಲ್ಲಿ ಕಾಯುತ್ತಿದ್ದಾರೆ. ಐದು ವರ್ಷ ನಮ್ಮ ಜೊತೆ ಇದ್ದು ಕಾಲು ಮಾಡಿ, ಇಲ್ಲಿಯವರಿಗೂ ಕಲಿಸಿಕೊಡುವವರು ನಿಮ್ಮ ಸಭೆಯಲ್ಲಿ ಯಾರಾದರೂ ಇದ್ದಾರೆಯೇ?

ಹರಕೆ ಓದಿ ನಿಟ್ಟುಸಿರು ಬಿಟ್ಟ. ಮೊಂಡಿ ನಾಲ್ಕು ಸಲ ಓದಿ, ಮಡಿಚಿ, ಜೇಬಿಗೆ ಹಾಕಿಕೊಂಡಳು.

"ನಾನು ಹೋಗ್ತೀನಿ," ಅಂದಳು.

ಅಮ್ಮನ ಕಾಲು ಪೆಡಲಿನ ಮೇಲೇ ನಿಂತಿತು. "ಎಲ್ಲಿಗೆ?"

"ಅಲ್ಲಿಗೇ. ಕೇಳ್ತಾ ಇರೋದು ನನ್ನನ್ನ."

"ನಿನ್ನನ್ನ ಯಾರೂ ಕೇಳಿಲ್ಲ. ದೇವರ ಪಾಲು ದೇವರಿಗೆ ಕೊಟ್ಟಾಗಿದೆ. ಈಗ ನನ್ನ ಪಾಲಿಗೂ ಕೈ ಹಾಕ್ತಾನಾ?"

"ಎಲ್ಲಿ ಕೊಟ್ಟಿದೀಯಮ್ಮ? ನಿನ್ನ ದೇವರ ಪಾಲು ಅಲ್ಲಿ ಕಮೋಡು ಮಾರ್ತಾ ಕೂತಿದೆ."

"ತಗೊಂಡು ಹೋಗದೇ ಇದ್ದದ್ದು ಅವನ ತಪ್ಪು, ನನ್ನದಲ್ಲ." ಅಮ್ಮ ದಾರವನ್ನು ಹಲ್ಲಿನಲ್ಲಿ ಕಡಿದಳು. "ನಿಮ್ಮಪ್ಪನ್ನ ನನ್ನ ಒಂದು ಮಾತೂ ಕೇಳದೆ ಕರಕೊಂಡ. ಇವನನ್ನ ನಾನಾಗೇ ಕೊಟ್ಟೆ. ನಿನ್ನನ್ನೂ ಕೊಟ್ಟರೆ ನನಗೇನು ಉಳೀತು, ಈ ಹೊಲಿಗೆ ಮಿಷನ್ನಾ?"

ಸುಳ್ಳು ಯಾಕೆ ಹೇಳಬೇಕು, ಮೊಂಡಿಗೆ ಒಂದು ಗಳಿಗೆ ಕಾಗದ ಹರಿದುಹಾಕೋಣ ಅಂತಲೂ ಅನ್ನಿಸಿತು. ಆದರೆ ನಾಲ್ಕುನೂರು ಅನ್ನುವುದು ಅವಳಿಗೆ ಬರೀ ಸಂಖ್ಯೆಯಾಗಿರಲಿಲ್ಲ. ಒಂದೊಂದು ಕಾಲಿಗೆ ಎಷ್ಟು ಪಟ್ಟಿ, ಎಷ್ಟು ದಿನ ಅಂತ ಅವಳ ಕೈಗೆ ಗೊತ್ತಿತ್ತು.

"ಬೋಧನೆ ಮಾಡೋಕೆ ನನಗೆ ಬಾಯಿ ಬರಲ್ಲ," ಅಂದಳು. "ದೇವರ ಪ್ರೀತಿ ಅಂತ ಒಂದಿದೆ ಅಂತ ನನಗೆ ಈ ಕೈಯಲ್ಲೇ ಹೇಳೋಕೆ ಬರೋದು. ಅದನ್ನ ಕೇಳಿಸಿಕೊಳ್ಳೋ ಜನ ಅಲ್ಲಿದ್ದಾರೆ. ನಾನು ಹೋಗೋದೇ."

"ಹೋದರೆ ನೀನು ಈ ಮನೆಯವಳೇ ಅಲ್ಲ."

"ಹಾಗಾದರೆ ಇಷ್ಟು ವರ್ಷ ಯಾರ ಮನೆ ನೆಲ ಒರೆಸಿದೆ?"

ಹೀಗೆ ಶುರುವಾದದ್ದು ಒಂದು ವಾರ ನಡೆಯಿತು. ಬೆಳಿಗ್ಗೆ ಕಾಫಿ ಲೋಟ ಇಡುವಾಗ ಒಂದು ಸಲ, ಸಂಜೆ ಚಪ್ಪಲಿ ಬಿಡುವಾಗ ಒಂದು ಸಲ, ನೀನು ಈ ಮನೆಯವಳಲ್ಲ.

ಅಡ್ಡಿ ಅಮ್ಮನ ಬಾಯಿ ಒಂದೇ ಆಗಿದ್ದರೆ ಮೊಂಡಿ ಯಾವಾಗಲೋ ಹೊರಟಿರುತ್ತಿದ್ದಳು. ಅವರ ಚರ್ಚಿನ ಸಭೆಯಲ್ಲೊಂದು ಕಟ್ಟುಪಾಡಿತ್ತು. ಸೇವೆಗೆ ಪರದೇಶಕ್ಕೆ ಹೊರಟವರನ್ನು ಭಾನುವಾರ ಎಲ್ಲರ ಮುಂದೆ ನಿಲ್ಲಿಸಿ, ಇವರನ್ನು ಯಾರು ಕಳಿಸುತ್ತೀರಿ ಅಂತ ಪಾದ್ರಿ ಮೂರು ಸಲ ಕೇಳಬೇಕು. ಮನೆಯವರಲ್ಲಿ ಒಬ್ಬರು ಎದ್ದು, ನಾವು ಕಳಿಸ್ತೀವಿ ಅನ್ನಬೇಕು. ಮೂರು ಸಲಕ್ಕೂ ಯಾರೂ ಏಳದಿದ್ದರೆ ಮಿಷನ್‌ನವರ ಕಾಗದಕ್ಕೆ ಪಾದ್ರಿ ಸಹಿ ಹಾಕುವಂತಿಲ್ಲ. ಹಿಂದೆ ಯಾರೋ ಪುಣ್ಯಾತ್ಮ ಹೆಂಡತಿ ಮಕ್ಕಳನ್ನು ಸಾಕಲಾರದೆ ಸೇವೆ ಅಂತ ಹೇಳಿ ಸಮುದ್ರ ದಾಟಿದ ಮೇಲೆ ಹಿರಿಯರು ತಂದ ನಿಯಮ ಅದು. ಓಡಿಹೋದವನು ಓಡಿಹೋದ, ತಲೆನೋವು ಇವಳ ಪಾಲಿಗೆ ಬಂತು.

"ನಾನು ಏಳ್ತೀನಿ ಬಿಡು," ಅಂದ ಹರಕೆ, ತಂಗಿಯನ್ನು ಅಂಗಡಿಯ ಹಿಂದಕ್ಕೆ ಕರೆದು. "ನೀನು ಹೋದರೆ ನನ್ನ ತಲೆ ಮೇಲಿನ ಕತ್ತಿ ಇಳಿಯುತ್ತೆ. ಇಪ್ಪತ್ತೆಂಟು ವರ್ಷ ಆ ಸೂಟ್‌ಕೇಸ್ ನೋಡ್ಕೊಂಡೇ ಅನ್ನ ನುಂಗಿದೀನಿ ಕಣೆ."

"ಅಮ್ಮ ಕಣ್ಣು ಬಿಟ್ಟರೆ?"

"ಬಿಡಲಿ. ನಾನೇನು ಮಗುನಾ?"

ಭಾನುವಾರ ಬಂತು. ಮೊಂಡಿ ವರ್ಕ್‌ಶಾಪಿಗೆ ಹಾಕಿಕೊಳ್ಳುವ ಗಟ್ಟಿ ಚಪ್ಪಲಿಯಲ್ಲೇ ಹೋಗಿ ಮುಂದೆ ನಿಂತಳು. ಉಗುರಿನ ಸಂದಿಯಲ್ಲಿ ಪ್ಲಾಸ್ಟರಿನ ಬಿಳಿ ಇನ್ನೂ ಇತ್ತು. ಅಮ್ಮ ಎರಡನೇ ಸಾಲಿನಲ್ಲಿ, ಪಕ್ಕದಲ್ಲಿ ಹರಕೆ.

"ಈ ನಮ್ಮ ಸಹೋದರಿಯನ್ನು ಯಾರು ಕಳಿಸುತ್ತೀರಿ?" ಅಂದರು ಪಾದ್ರಿ.

ಹರಕೆ ಅರ್ಧ ಎದ್ದ. ಅಮ್ಮ ಮುಖ ತಿರುಗಿಸದೆಯೇ, ಎಲ್ಲರಿಗೂ ಕೇಳುವ ಹಾಗೆ, "ಏಳಪ್ಪಾ, ಎದ್ದವನು ಹಾಗೇ ಸೂಟ್‌ಕೇಸ್ ತಗೊಂಡು ನೀನೇ ಹೊರಡು," ಅಂದಳು. ಹರಕೆ ಕೂತ. ಕೂತವನು ತನ್ನ ಮೊಣಕಾಲನ್ನೇ ನೋಡತೊಡಗಿದ. ಬೆನ್ನುಮೂಳೆ ಮಾಡುವ ವರ್ಕ್‌ಶಾಪು ಇನ್ನೂ ಯಾರೂ ತೆಗೆದಿಲ್ಲವಲ್ಲ ಅಂತ ಮೊಂಡಿಗೆ ಅನ್ನಿಸಿತು.

ಪಾದ್ರಿ ಎರಡನೇ ಸಲ ಕೇಳಿದರು. ಯಾರೂ ಏಳಲಿಲ್ಲ. ಅವರು ಪಾಪ, ಕೈಯಲ್ಲಿದ್ದ ಪುಸ್ತಕ ಆ ಕಡೆ ಈ ಕಡೆ ಮಾಡಿ, ಗಂಟಲು ಸರಿಮಾಡಿಕೊಂಡು, ಸಾಧ್ಯವಾದಷ್ಟು ನಿಧಾನವಾಗಿ ಮೂರನೇ ಸಲ ಕೇಳಿದರು.

"ನಾನು ಕಳಿಸ್ತೀನಿ," ಅಂದಳು ಮೊಂಡಿ.

ಸಭೆಯಲ್ಲಿ ಗುಸುಗುಸು ಎದ್ದಿತು. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದೇ ಬಿಟ್ಟರು. "ಇದ್ಯಾವ ನ್ಯಾಯ? ತನ್ನನ್ನ ತಾನೇ ಕಳಿಸಿಕೊಳ್ಳೋದು ಅಂದರೆ ಏನಮ್ಮಾ?"

"ಮನೆಯವರಲ್ಲಿ ಒಬ್ಬರು ಅಂತ ತಾನೇ ನಿಮ್ಮ ನಿಯಮ ಇರೋದು? ನಾನೂ ಆ ಮನೆಯವಳೇ. ಅಲ್ಲ ಅನ್ನೋದಾದರೆ ಅಮ್ಮ ಇಲ್ಲೇ ಇದ್ದಾಳೆ, ಹೇಳಲಿ. ಈ ಕಾಗದ ನಿಮ್ಮ ಕೈಗೇ ಕೊಟ್ಟು ನಾಳೆಯಿಂದ ತೆಪ್ಪಗೆ ಕೆಲಸಕ್ಕೆ ಹೋಗ್ತೀನಿ."

ಹಿರಿಯರು ಪಾದ್ರಿಯನ್ನು ನೋಡಿದರು, ಪಾದ್ರಿ ಅಮ್ಮನನ್ನು ನೋಡಿದರು. "ಏನಮ್ಮಾ, ಇವಳು ನಿಮ್ಮ ಮನೆಯವಳು ಹೌದೋ, ಅಲ್ಲವೋ? ನಿಮ್ಮ ಮಾತೇ ಕೊನೆ."

ಅಮ್ಮ ಎದ್ದು ನಿಂತಳು. ಅಲ್ಲ ಅನ್ನುವುದಕ್ಕೆ ಅವಳು ಹೊಸದಾಗಿ ಏನೂ ಯೋಚಿಸಬೇಕಾಗಿರಲಿಲ್ಲ, ಒಂದು ವಾರದಿಂದ ಆಡಿ ಆಡಿ ನಾಲಿಗೆ ತುದಿಯಲ್ಲೇ ಇತ್ತು ಮಾತು. ಅಷ್ಟು ಹೊತ್ತು ಬಂಡೆಯ ಹಾಗೆ ನಿಂತಿದ್ದ ಮೊಂಡಿಗೆ ಆಗ ಹೆದರಿಕೆಯಾಯಿತು. ಹೋಗಲಾಗದಿದ್ದರೆ ಹೇಗೋ ಬದುಕಿಯಾಳು. ಇಷ್ಟು ಜನರ ಮುಂದೆ ಅಮ್ಮ ಅಲ್ಲ ಅಂದುಬಿಟ್ಟರೆ ಏನು ಮಾಡುವುದು ಅಂತ ಅವಳು ಯೋಚಿಸಿಯೇ ಇರಲಿಲ್ಲ.

ಅಮ್ಮ ಸೆರಗು ಸರಿಮಾಡಿಕೊಂಡಳು. ಮಗಳ ಮುಖ ನೋಡಿದಳು, ಉಗುರು ನೋಡಿದಳು, ಆ ದರಿದ್ರ ಚಪ್ಪಲಿಯನ್ನೂ ನೋಡಿದಳು.

"ಈ ಮೊಂಡುತನ ಬೇರೆ ಯಾವ ಮನೆಯಲ್ಲಿ ಹುಟ್ಟುತ್ತೆ, ಅಯ್ಯನವರೇ," ಅಂದಳು. "ನಮ್ಮನೆಯವಳೇ. ನನ್ನ ಮಗಳೇ."

ಅಷ್ಟು ಹೇಳಿ ಕೂತುಬಿಟ್ಟಳು. ಹರಕೆ ಆಗ ಧಡಕ್ಕನೆ ಎದ್ದು, ನಾವು ಕಳಿಸ್ತೀವಿ ಅಂದ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಪಾದ್ರಿ ಮಾತ್ರ ತಡಮಾಡದೆ ಪೆನ್ನು ತೆಗೆದು ಸಹಿ ಹಾಕಿದರು.

ಮನೆ ಒಳಗೆ ಬಂದವಳೇ ಅಮ್ಮ ಸ್ಟೂಲು ಎಳೆದುಕೊಂಡು, ಬೇಡ ಬೇಡ ಅಂದರೂ ಕೇಳದೆ ತಾನೇ ಹತ್ತಿ, ಸೂಟ್‌ಕೇಸ್ ಇಳಿಸಿ ಮಗಳ ಕಾಲ ಹತ್ತಿರ ಇಟ್ಟಳು.

"ಕೀಲಿ ಇಲ್ಲ. ಬೀಗ ಒಡಿ. ನಿನ್ನ ಚೀಲದಲ್ಲಿ ಸುತ್ತಿಗೆ ಇರುತ್ತಲ್ಲ."

"ಯಾವಾಗ ಕಳೆದುಹೋಯ್ತು?"

"ತಂದ ದಿನವೇ ಬಚ್ಚಲ ಮೋರಿಗೆ ಹಾಕಿದೆ."

ಮೊಂಡಿ ತಲೆ ಎತ್ತಿ ಅಮ್ಮನನ್ನು ನೋಡಿದಳು. ಹರಕೆಯೂ ನೋಡಿದ, ಅವನ ಬಾಯಿ ತೆರೆದೇ ಇತ್ತು.

"ಏನು ನೋಡ್ತೀರಾ? ಯಾವ ತಾಯಿಗೆ ಮಕ್ಕಳನ್ನ ಕಳಿಸೋ ಮನಸ್ಸಿರುತ್ತೆ?" ಅಮ್ಮ ಮಿಷನ್ ಮುಂದೆ ಹೋಗಿ ಕೂತು ಸೂಜಿಗೆ ದಾರ ಪೋಣಿಸತೊಡಗಿದಳು, ಕಣ್ಣು ತುಂಬಿದ್ದರಿಂದ ದಾರ ಎರಡು ಸಲ ತಪ್ಪಿತು. "ಒಡಿ ಅಂದೆನಲ್ಲ. ಐದು ವರ್ಷ ಅಂದರೆ ಐದೇ ವರ್ಷ, ಒಂದು ದಿನ ಹೆಚ್ಚಾದರೂ ನಾನೇ ಬಂದು ಎಳಕೊಂಡು ಬರ್ತೀನಿ. ದೇವರ ಹತ್ತಿರ ನಾನು ಮಾತಾಡ್ಕೋತೀನಿ."

ಮೊಂಡಿ ಸುತ್ತಿಗೆ ತೆಗೆದುಕೊಂಡಳು. ಬೀಗ ಹಳೆಯದು, ಎರಡನೇ ಏಟಿಗೇ ಬಿಟ್ಟುಕೊಂಡಿತು.