ಕರೆದವಳನ್ನು ಕಳಿಸುವ ನಿಯಮ

ಆ ಆಟದಲ್ಲಿ ಕಥೆ ಹೇಳುವವನು ಒಬ್ಬ, ಕಥೆಯೊಳಗೆ ನಡೆಯುವವರು ಉಳಿದವರು. ಕಾಡು, ಕೋಟೆ, ಕಳ್ಳರು, ರಾಕ್ಷಸರು ಎಲ್ಲ ಹೇಳುವವನ ಪಾಲು. ಅಲ್ಲಿ ನಿಂತು ಏನು ಮಾಡಬೇಕೆನ್ನುವುದು ಆಡುವವರ ಪಾಲು. ಗೆಲುವು ಸೋಲನ್ನು ದಾಳ ತೀರ್ಮಾನಿಸುತ್ತದೆ. ಇಂಗ್ಲಿಷಿನಲ್ಲಿದ್ದ ನಿಯಮಗಳ ಜೆರಾಕ್ಸನ್ನು ಎಂಜಿನಿಯರಿಂಗ್ ಓದುತ್ತಿದ್ದ ವಂಶಿ ಎಲ್ಲಿಂದಲೋ ತಂದಿದ್ದ. ಅದರಲ್ಲಿ ಹೇಳಿದಂಥ ಬಹುಮುಖದ ದಾಳ ಹಾಸನದ ಯಾವ ಅಂಗಡಿಯಲ್ಲೂ ಸಿಗದೆ ಕವಡೆ ಹಾಕಿ ಆಡುತ್ತಿದ್ದರು.

ಕಥೆ ಹೇಳುತ್ತಿದ್ದವನು ಆತ್ರೇಯ. ಹೊಳೆನರಸೀಪುರದ ಅರ್ಚಕರ ಮನೆಯವನು. ಹಾಸನದ ಕಾಲೇಜೊಂದರಲ್ಲಿ ಪಾಠ ಹೇಳುತ್ತ ವಂಶಿಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ. ಭಾನುವಾರ ಊಟ ಮುಗಿಸಿ ವಂಶಿಯೂ ಅವನ ಅಕ್ಕ ರಂಜನಿಯೂ ಮೇಲೆ ಬರುವರು. ಕಟ್ಟಾಯದ ಬಸ್ಸಿಳಿದು ಅನಿಲ್‌ಕುಮಾರ್ ಬರುವನು. ಅವನು ಆತ್ರೇಯನ ಜೊತೆ ಬಿ.ಎ. ಓದಿ, ಊರಿನಲ್ಲಿ ಬೇಸಾಯಕ್ಕೆ ನಿಂತವನು.

ಕಥೆಯಲ್ಲಿ ಅನಿಲ ಮಾಂತ್ರಿಕ. ಕತ್ತಿ ಹಿಡಿಯುವವನಲ್ಲ, ಆವಾಹನೆ ಮಾಡುವವನು. ಎತ್ತುಗಳನ್ನು ಕರೆಯುತ್ತಿದ್ದ, ಬೇಟೆನಾಯಿಗಳನ್ನು ಕರೆಯುತ್ತಿದ್ದ. ಒಂದು ಭಾನುವಾರ ಕೈಯಲ್ಲಿ ದೀಪ ಹಿಡಿದ ಒಬ್ಬ ಹುಡುಗಿಯನ್ನು ಕರೆದ. ಅವಳು ಸೆರಗಿನಲ್ಲಿ ಬೆಲ್ಲದ ಚೂರು ಕಟ್ಟಿಕೊಂಡಿರುತ್ತಿದ್ದಳು, ಕಳ್ಳರನ್ನು ಕಂಡರೆ ಪೊರಕೆ ಎತ್ತಿಕೊಳ್ಳುತ್ತಿದ್ದಳು, ದೀಪ ತೋರಿಸಿದರೆ ಯಾರ ಗಾಯವಾದರೂ ಮಾಯುತ್ತಿತ್ತು. ಅನಿಲನ ತಂಗಿ ಮೇಘಶ್ರೀ ಹಿಂದಿನ ವರ್ಷ ಕಾಮಾಲೆಯಲ್ಲಿ ತೀರಿಕೊಂಡಿದ್ದಳು. ಇವಳು ಅವಳೇ ಎಂದು ಮೂವರಿಗೂ ತಿಳಿಯಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅನಿಲ ಅವಳ ದನಿಯಲ್ಲಿ ಮಾತಾಡುವಾಗ ನಗುತ್ತಿದ್ದ. ಬೇರೆ ಹೊತ್ತಿನಲ್ಲಿ ಅವನು ನಕ್ಕದ್ದನ್ನು ಆತ್ರೇಯ ಆ ವರ್ಷ ಕಂಡಿರಲಿಲ್ಲ.

ಆದರೆ ಆಟ ಕೆಡತೊಡಗಿತು.

"ಆತ್ರೇಯ ಸರ್, ನಾನು ಒಂದ್ಸಲ ಕತ್ತಿ ಬೀಸೋದು," ಎಂದ ವಂಶಿ. "ಆಮೇಲೆ ಅನಿಲಣ್ಣನ ಸರದಿ. ಎತ್ತು ಹಾಯುತ್ತೆ, ನಾಯಿ ಕಚ್ಚುತ್ತೆ, ಹುಡುಗಿ ಎಲ್ಲರಿಗೂ ದೀಪ ತೋರಿಸ್ತಾಳೆ. ಅಷ್ಟರಲ್ಲಿ ನಾನೊಂದು ನಿದ್ದೆ ತೆಗೀಬಹುದು."

"ಎದ್ದಿದ್ದು ಯಾವಾಗ ನೀನು, ನಿದ್ದೆ ತೆಗೆಯೋಕೆ?" ಎಂದಳು ರಂಜನಿ. ಆಮೇಲೆ ಮೆತ್ತಗೆ, "ಅವನು ಹೇಳೋದು ಸುಳ್ಳಲ್ಲ ಸರ್. ಗಾಯವೇ ಉಳಿಯಲ್ಲ ಅಂದ್ಮೇಲೆ ಭಯವೂ ಇಲ್ಲ," ಎಂದಳು.

ಅನಿಲ ಕವಡೆಗಳನ್ನು ಅಂಗೈಯಲ್ಲಿ ಉರುಳಿಸುತ್ತ, "ಅಂಗಾರೆ ನಾಯಿ ಬುಟ್ಬುಡ್ತೀನಿ. ಎತ್ತೂ ಬ್ಯಾಡ. ಅವಳೊಬ್ಬಳು ಇರ್ಲಿ ಕಣ," ಎಂದ.

ಆಟದ ತೂಕ ತಪ್ಪಿದ್ದು ಆ ಒಬ್ಬಳಿಂದಲೇ ಎಂದು ಆತ್ರೇಯನಿಗೆ ಗೊತ್ತಿತ್ತು.

ಆ ವಾರವೆಲ್ಲ ಅವನು ಯೋಚಿಸಿದ. ಜೆರಾಕ್ಸಿನಲ್ಲಿದ್ದ ಲೆಕ್ಕಗಳು ಅವನಿಗೆ ರುಚಿಸಲಿಲ್ಲ. ಆವಾಹನೆ ಎಂದರೆ ಏನೆಂದು ಅವನ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಲಶಕ್ಕೆ ದೇವರನ್ನು ಕರೆದರೆ ಕೂರಲು ಆಸನ ಕೊಡಬೇಕು, ಕಾಲಿಗೆ ನೀರು ಕೊಡಬೇಕು, ನೈವೇದ್ಯ ಮಾಡಬೇಕು, ಕೊನೆಗೆ ಬೀಳ್ಕೊಡಬೇಕು. ಕರೆದು ಕಳಿಸದೆ ಇರುವುದು ಅಪಚಾರ. ಅದನ್ನೇ ನಿಯಮ ಮಾಡಿದ. ಕರೆದವನು ಒಂದೊಂದು ಉಪಚಾರಕ್ಕೂ ತನ್ನ ಒಂದೊಂದು ಸರದಿ ಕಳೆಯಬೇಕು. ಇರುವವರನ್ನು ಕಳಿಸದೆ ಬೇರೊಬ್ಬರನ್ನು ಕರೆಯುವಂತಿಲ್ಲ. ಕಳಿಸಿದವರನ್ನು ಮತ್ತೆ ಕರೆಯುವಂತೆಯೂ ಇಲ್ಲ. ಈ ಕೊನೆಯದು ಪೂಜೆಯಲ್ಲಿ ಇಲ್ಲದ ಮಾತು. ಅದಿಲ್ಲದಿದ್ದರೆ ಅನಿಲ ಪ್ರತಿ ಕಾಳಗಕ್ಕೂ ಅವಳನ್ನೇ ಕರೆಯುತ್ತಾನೆಂದು ಸೇರಿಸಿದ.

"ಚೆನ್ನಾಗಿದೆ ಸರ್," ಎಂದ ವಂಶಿ. ರಂಜನಿಯೂ ತಲೆಯಾಡಿಸಿದಳು. ಅನಿಲ ಕವಡೆಗಳನ್ನು ಎತ್ತಿಕೊಂಡ.

ಆ ಭಾನುವಾರದ ಕಥೆಯಲ್ಲಿ ಬೆಟ್ಟದ ಕಣಿವೆಯೊಂದರಲ್ಲಿ ಬಂಡೆ ಜಾರಿ ವಂಶಿಯ ಯೋಧ ಅದರಡಿ ಸಿಕ್ಕಿಕೊಂಡ. ಬಂಡೆ ಎಳೆಯಲು ಎತ್ತುಗಳು ಬೇಕು. ಎತ್ತು ಬರಬೇಕಾದರೆ ಹುಡುಗಿ ಹೋಗಬೇಕು.

"ಬಿಡಣ್ಣ, ನಾನು ಸತ್ರೂ ಪರವಾಗಿಲ್ಲ. ಇನ್ನೊಬ್ಬ ಯೋಧನ್ನ ಮಾಡ್ಕೋತೀನಿ," ಎಂದ ವಂಶಿ.

"ಸುಮ್ನಿರ್ಲಾ. ಬದುಕಿರೋನು ನೀನು," ಎಂದ ಅನಿಲ.

ಅವನು ನಿಯಮವನ್ನು ಒಂದಿಷ್ಟೂ ಮುಕ್ಕಾಗದಂತೆ ನಡೆಸಿದ. ಬಂಡೆಯ ಪಕ್ಕ ಗೋಣಿಚೀಲ ಮಡಿಸಿ ಹಾಸಿ ಹುಡುಗಿಯನ್ನು ಕೂರಿಸಿದ. ಕಾಲಿಗೆ ನೀರು ಹಾಕಿದ. ಮುದ್ದೆ, ಅವರೆಕಾಳಿನ ಸಾರು ಬಡಿಸಿದ. ಸಾರು ಸಪ್ಪೆ ಎಂದು ಅವಳ ದನಿಯಲ್ಲಿ ತಾನೇ ಗೊಣಗಿ, ಉಪ್ಪು ಹಾಕಿದ. ರಂಜನಿ ಕಿಟಕಿಯ ಕಡೆ ತಿರುಗಿಕೊಂಡಳು.

"ಈಗ ಕಳಿಸು," ಎಂದ ಆತ್ರೇಯ.

"ಓಗ್ಬಾರವ್ವ," ಎಂದ ಅನಿಲ.

ಆತ್ರೇಯ ಅಲ್ಲಿಗೆ ಬಿಡಬಹುದಿತ್ತು. ಎದುರಿಗೆ ವಂಶಿ ಇದ್ದ. ನಿಯಮ ಮಾಡಿದ ಮೊದಲ ದಿನವೇ ಸಡಿಲಿಸಿದರೆ ನ್ಯಾಯವಲ್ಲ ಎನಿಸಿತು. "ಬಾ ಅನ್ನೋ ಹಾಗಿಲ್ಲ ಅನಿಲ. ಬಾ ಅಂದರೆ ಮತ್ತೆ ಕರೆದ ಹಾಗೆ. ಹೋಗು ಅಂತಷ್ಟೇ ಹೇಳಬೇಕು."

ಅನಿಲ ಕೈಯಲ್ಲಿದ್ದ ಕವಡೆಗಳನ್ನು ಕೆಳಗಿಟ್ಟ. "ನಮ್ಮನೇಲಿ ಅಂಗೆ ಯಾರ್ಗೂ ಅನ್ನಲ್ಲ ಕಣ."

"ಆಟದ ಮಾತು."

"ಹೂಂ." ತಲೆ ತಗ್ಗಿಸಿ, "ಓಗವ್ವ," ಎಂದ.

ಆಮೇಲೆ ಎತ್ತುಗಳು ಬಂದವು, ಬಂಡೆ ಸರಿಯಿತು, ವಂಶಿಯ ಯೋಧ ಬದುಕಿದ. ಎಲ್ಲರಿಗೂ ಭಯವೆಂಬುದು ಮರಳಿ ಬಂದಿತ್ತು. ಆಟ ಅಷ್ಟು ಹದವಾಗಿ ಹಿಂದೆಂದೂ ಕೂಡಿಬಂದಿರಲಿಲ್ಲ. ಕಾಫಿ ಕುಡಿದ ಲೋಟವನ್ನು ಅನಿಲ ಎಂದಿನಂತೆ ತೊಳೆದಿಟ್ಟು ಹೋದ. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ.

ಶ್ರಾವಣದಲ್ಲಿ ಆತ್ರೇಯ ಹೊಳೆನರಸೀಪುರಕ್ಕೆ ಹೋಗಿದ್ದ. ತಾಯಿ ಶ್ರೀರಂಗಮ್ಮ ವ್ರತದ ಮರುದಿನ ಬೆಳಿಗ್ಗೆ ಕಲಶದ ಮೇಲೆ ಅಕ್ಷತೆ ಹಾಕಿ, ಅದನ್ನು ಉತ್ತರಕ್ಕೆ ಒಂದಿಷ್ಟೇ ಸರಿಸಿದರು. ಬೀಳ್ಕೊಡುವ ಮಂತ್ರವನ್ನು ಹೇಳುತ್ತಿದ್ದವನು ಆತ್ರೇಯನೇ. ಮತ್ತೆ ಬರುವುದಕ್ಕಾಗಿ ಹೊರಡು ಎಂಬ ಕೊನೆಯ ಮಾತಿಗೆ ಬಂದಾಗ ಅವನ ದನಿ ನಿಂತಿತು.

"ಯಾಕೋ, ಮರೆತೆಯಾ?" ಎಂದರು ಶ್ರೀರಂಗಮ್ಮ.

"ಇಲ್ಲಮ್ಮ," ಎಂದು ಹೇಳಿ ಮುಗಿಸಿದ. ದೇವರನ್ನೂ ಹಾಗೆ ಬರಿದೆ ಹೋಗು ಎಂದು ಕಳಿಸುವ ಪದ್ಧತಿ ತನ್ನ ಮನೆಯಲ್ಲಿಲ್ಲ. ಚಿಕ್ಕಂದಿನಿಂದ ತನ್ನ ಬಾಯಲ್ಲೇ ಇದ್ದ ಮತ್ತೆ ಬಾ ಎಂಬ ಮಾತನ್ನು, ಆಟದ ತೂಕ ಸರಿಹೋಗಲೆಂದು, ತಂಗಿಯನ್ನು ಕಳೆದುಕೊಂಡವನಿಂದ ಕಿತ್ತುಕೊಂಡಿದ್ದ.

ಆ ಮಧ್ಯಾಹ್ನವೇ ಕಟ್ಟಾಯಕ್ಕೆ ಹೋದ. ಅನಿಲ ಕೊಟ್ಟಿಗೆಯ ಮುಂದೆ ಹಗ್ಗ ಹೊಸೆಯುತ್ತಿದ್ದ.

"ನಿಯಮ ತೆಗೆದೆ ಅನಿಲ. ನನ್ನದೇ ತಪ್ಪು. ಅವಳು ಇರಲಿ, ಎಷ್ಟು ದಿನ ಬೇಕಾದರೂ."

ಅನಿಲನಿಗೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಆತ್ರೇಯನಿಗೆ ಸುಲಭವಾಗುತ್ತಿತ್ತು. "ಬ್ಯಾಡ ಬುಡು. ನನ್ ಬಾಯಲ್ಲೇ ಓಗು ಅಂದ್ಬುಟ್ಟೆ. ಈಗ ಕರುದ್ರೆ ಬತ್ತಾಳೆ, ಯಾಕ್ ಬರಲ್ಲ. ಆದ್ರೆ ಅದು ನಾನು ಮಾತಾಡ್ದಂಗಿರ್ತದೆ ಕಣ, ಅವಳು ಮಾತಾಡ್ದಂಗಿರಲ್ಲ."

ಅಷ್ಟರಲ್ಲಿ ಅವನ ತಾಯಿ ಕಾಮಾಕ್ಷಮ್ಮ ಮಜ್ಜಿಗೆ ತಂದರು. "ಕತೆ ಹೇಳೋ ಮೇಷ್ಟ್ರು ನೀನೇ ಏನಪ್ಪಾ? ಬಾನುವಾರ ಇವ್ನು ಬರೋದ್ನೇ ಕಾಯ್ಕೊಂಡ್ ಕೂತಿರ್ತಿದ್ದೆ. ಆಟದಾಗೆ ನಮ್ಮ ಮೇಘ ಏನೇನ್ ಮಾಡುದ್ಲು ಅಂತ ಹೇಳೋನು. ಕಳ್ಳರ್ಗೆ ಪೊರಕೇಲಿ ಹೊಡುದ್ಲಂತೆ? ಈಗ ಕೇಳುದ್ರೆ ಬಾಯೇ ಬುಡಲ್ಲ. ನೀನಾರೂ ಹೇಳು, ಈಗ ಎಲ್ಲವಳೆ?"

ಅನಿಲನ ಕೈಯಲ್ಲಿ ಹಗ್ಗ ನಿಂತಿತು.

"ಈಚೆಗೆ ಆಡಿಲ್ಲಮ್ಮ," ಎಂದ ಆತ್ರೇಯ.

"ಆಡ್ರಪ್ಪ," ಎಂದರು ಕಾಮಾಕ್ಷಮ್ಮ, ಲೋಟವನ್ನು ಅವನ ಕೈಗಿಡುತ್ತ. "ಬುಡಬ್ಯಾಡಿ. ಅವಳ್ಗೂ ಒಂದು ಕಡೆ ಇದ್ದಂಗಾಯ್ತದೆ."